ಅಪ್ಪ ಅಮ್ಮ ಇಬ್ಬರೇ ಹೋಗಿಬರಲಿ

ನಮ್ಮ ವಯಸ್ಸಿನವರ ಅಪ್ಪ ಅಮ್ಮಂದಿರಿಗೆ ಈಗ ಮದುವೆಯಾಗಿ 20ರಿಂದ 25 ವರ್ಷ. ಹಾಗಾಗಿ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ತಿಂಗಳಿಗೊಬ್ಬರಾದರೂ ಕೇಳ್ತಾರೆ, "ಅಪ್ಪ ಅಮ್ಮನ ಆನಿವರ್ಸರಿಗೆ ಏನಾದ್ರೂ ಐಡಿಯಾ ಕೊಡ್ರೋ, ಬಜೆಟ್ ಕಮ್ಮಿ ಇದೆ" ಅಂತ. ಬರೋ ಉತ್ತರಗಳೂ ಒಂದೇ ಥರ. ಊಟಿ ಪ್ಯಾಕೇಜು, ಗೋವಾ, ಚಿಕ್ಕಮಗಳೂರಿನ ಹೋಮ್‌ಸ್ಟೇ. ಇದ್ಯಾವುದೂ ಆಗದಿದ್ರೆ ಕೊನೆಗೆ ಫೋಟೋ ಹಾಕಿಸಿದ ಕೇಕು. ಈ ಉತ್ತರ ಕೊಡುವವರೆಲ್ಲ ಒಂದು ಮಾತನ್ನು ಕೇಳೋದೇ ಇಲ್ಲ: ಅವರು ಹೊರಟ ಮೇಲೆ ಮನೇಲಿ ಹಾಲು ಕರೆಯೋರು ಯಾರು?

ನಾವು ಅಂದ್ರೆ ಶಿಕಾರಿಪುರ, ಸೊರಬ ತಾಲ್ಲೂಕುಗಳಿಂದ ಬಂದು ಈ ಕ್ಯಾಂಪಸ್ಸಿನಲ್ಲಿ ಓದ್ತಿರುವ ಐದು ಜನ. ನಮ್ಮ ಮನೆಗಳು ಹೆಚ್ಚುಕಮ್ಮಿ ಒಂದೇ ಥರ. ಒಂದಿಷ್ಟು ಅಡಿಕೆ, ಒಂದಿಷ್ಟು ಭತ್ತ ಇಲ್ಲಾ ಮೆಕ್ಕೆಜೋಳ, ಎರಡು ಹಸು, ಒಬ್ಬರು ಅಜ್ಜಿ. ಇಂಥ ಮನೆಯಿಂದ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಎರಡು ದಿನ ಹೊರಗೆ ಹೋಗೋದು ಅಂದ್ರೆ ಸಣ್ಣ ವಿಷಯ ಅಲ್ಲ. ಬೆಳಿಗ್ಗೆ ಐದೂವರೆಗೆ ಹಾಲು ಕರೆದು ಡೈರಿಗೆ ಹಾಕಬೇಕು, ಸಂಜೆ ಮತ್ತೆ ಅದೇ. ತ್ರೀಫೇಸ್ ಕರೆಂಟು ಬಂದ ಹೊತ್ತಿಗೆ ಮೋಟಾರ್ ಹಾಕಬೇಕು, ಅದು ರಾತ್ರಿ ಎರಡು ಗಂಟೆಯಾದರೂ ಸರಿ. ಅಜ್ಜಿಗೆ ಬಿಪಿ ಮಾತ್ರೆ ಕೊಡಬೇಕು, ಕೊಟ್ಟರೆ ಸಾಲದು, ನುಂಗಿದ್ರಾ ಅಂತ ನೋಡಬೇಕು. ನೆಂಟರ ಮದುವೆಗೆ ಹೋಗೋದಿದ್ರೂ ಒಬ್ಬರು ಹಿಂದಿನ ದಿನ, ಇನ್ನೊಬ್ಬರು ಮುಹೂರ್ತದ ದಿನ. ಊಟದ ಪಂಕ್ತಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತದ್ದನ್ನು ನಾವು ನೋಡಿದ್ದೇ ಅಪರೂಪ.

ಹೀಗಿರುವಾಗ ಹನ್ನೆರಡು ಸಾವಿರದ ಪ್ಯಾಕೇಜು ಬುಕ್ ಮಾಡಿ ಸರ್‌ಪ್ರೈಸ್ ಅಂದ್ರೆ ಆಗೋದು ಇಷ್ಟೇ. ಅಮ್ಮ "ಯಾಕೆ ದುಡ್ಡು ದಂಡ ಮಾಡಿದ್ಯೋ" ಅಂತಾರೆ, ಅಪ್ಪ "ಕ್ಯಾನ್ಸಲ್ ಮಾಡಿದ್ರೆ ಎಷ್ಟು ವಾಪಸ್ ಬರುತ್ತೆ" ಅಂತ ಕೇಳ್ತಾರೆ. ಇನ್ನೊಂದು ಮಾತು, ಸ್ವಲ್ಪ ಚುಚ್ಚಬಹುದು. ಆ ಹನ್ನೆರಡು ಸಾವಿರ ಯಾರದು? ಇಂಟರ್ನ್‌ಶಿಪ್ಪಿನ ದುಡ್ಡು ಇರೋರು ಬೇರೆ. ನಮ್ಮಂಥ ಸೆಕೆಂಡ್ ಇಯರ್‌ನವರ ಹತ್ರ ಇರೋದು ಅಪ್ಪ ಫೋನ್‌ಪೇ ಮಾಡಿದ ದುಡ್ಡೇ. ಅಪ್ಪನ ದುಡ್ಡಲ್ಲಿ ಅಪ್ಪಂಗೇ ಗಿಫ್ಟು ಕೊಟ್ಟು ಸ್ಟೇಟಸ್ ಹಾಕೋದು ನಮಗಂತೂ ಸರಿ ಕಾಣಲ್ಲ.

ನಮ್ಮ ಹತ್ರ ನಿಜವಾಗಿ ಇರೋದು ಎರಡು ದಿನ. ಅದನ್ನೇ ಕೊಡಬೇಕು ಅನ್ನೋದು ನಮ್ಮ ವಾದ. ಮಕ್ಕಳು ಮನೆಗೆ ಹೋಗಬೇಕು, ಹಸು, ಅಜ್ಜಿ, ಮೋಟಾರು ಎಲ್ಲಾ ವಹಿಸ್ಕೊಬೇಕು, ಅಪ್ಪ ಅಮ್ಮ ಇಬ್ಬರೇ ಬಸ್ ಹತ್ತಬೇಕು. ನಾವು ಜೊತೆಗೆ ಹೋಗಬಾರದು. ಇದನ್ನು ಒತ್ತಿ ಹೇಳ್ತಿದೀವಿ, ಯಾಕಂದ್ರೆ "ಫ್ಯಾಮಿಲಿ ಟ್ರಿಪ್ ಹೋಗೋಣ ಬಿಡು" ಅನ್ನೋದು ಸುಲಭದ ದಾರಿ. ಫ್ಯಾಮಿಲಿ ಟ್ರಿಪ್ಪಿನಲ್ಲಿ ಅಮ್ಮ ಏನು ಮಾಡ್ತಾರೆ ನೆನಪಿಸ್ಕೊಳ್ಳಿ. ಟೆಂಪೋ ಟ್ರಾವೆಲರ್‌ನಲ್ಲಿ ಹನ್ನೆರಡು ಜನ ಧರ್ಮಸ್ಥಳಕ್ಕೆ ಹೊರಟ್ರೆ ಅಮ್ಮ ಹಿಂದಿನ ರಾತ್ರಿ ಎರಡರವರೆಗೆ ಚಪಾತಿ ಮಾಡ್ತಾರೆ, ದಾರಿಯಲ್ಲಿ ವಾಂತಿ ಮಾಡೋ ಮಗುವಿಗೆ ನಿಂಬೆಹಣ್ಣು ಹಿಡ್ಕೊಂಡಿರ್ತಾರೆ, ಅವರ ಬ್ಯಾಗಿನಲ್ಲಿ ಎಲ್ಲರ ಸ್ವೆಟರ್ ಇರುತ್ತೆ. ಅಡುಗೆಮನೆ ಚಕ್ರದ ಮೇಲೆ ಹೋಯ್ತು ಅಷ್ಟೇ, ಬೇರೆ ಏನೂ ಬದಲಾಗಲಿಲ್ಲ.

ಕಳೆದ ದಸರಾದಲ್ಲಿ ಸಿಕ್ಕ ನಾಲ್ಕು ದಿನದ ರಜೆಯಲ್ಲಿ ಇದನ್ನು ಮಾಡಿ ನೋಡಿದ್ವಿ. ನಮ್ಮಲ್ಲೊಬ್ಬರ ಮನೆ ಶಿಕಾರಿಪುರ ತಾಲ್ಲೂಕಿನ ಹಳ್ಳಿ. ಅವರ ಅಪ್ಪ ಅಮ್ಮನ ಮದುವೆ ಆದದ್ದು ಮೇ ತಿಂಗಳಲ್ಲಿ. ಆದರೆ ಮೇ ತಿಂಗಳಲ್ಲಿ ಬಿಸಿಲೂ ಇರುತ್ತೆ, ಊರ ತುಂಬ ಮದುವೆಗಳೂ ಇರುತ್ತವೆ, ನಮಗೆ ಪರೀಕ್ಷೆಯೂ ಬರುತ್ತೆ. ತಾರೀಖಿಗೇ ಅಂಟ್ಕೊಂಡ್ರೆ ಯಾವ ವರ್ಷವೂ ಆಗಲ್ಲ. ಹಾಗಂತ ಅಕ್ಟೋಬರ್‌ನಲ್ಲಿ ಯಾವಾಗ ಬೇಕಾದ್ರೂ ಆಗುತ್ತೆ ಅಂತಲೂ ಅಲ್ಲ. ದಸರಾ ಮುಗಿದು ಐದನೇ ದಿನಕ್ಕೆ ಭೂಮಿ ಹುಣ್ಣಿಮೆ. ಬುಟ್ಟಿಗೆ ಬಣ್ಣ ಬಳಿಯೋದು, ಹಿಂದಿನ ರಾತ್ರಿಯೆಲ್ಲ ಅಡುಗೆ, ಆಗ ಅಮ್ಮನನ್ನು ಯಾರೂ ಕದಲಿಸೋಕಾಗಲ್ಲ. ಅದು ಆದ ಮೇಲೆ ಜೋಳದ ಕಟಾವು, ಅಡಿಕೆ ಕೊಯ್ಲು. ನಡುವೆ ಸಿಕ್ಕಿದ್ದು ಎರಡೇ ದಿನ.

ಹಸು ಅಪರಿಚಿತರ ಕೈಗೆ ಹಾಲು ಇಳಿಸಲ್ಲ ಅನ್ನೋದು ಹಳ್ಳಿಯವರಿಗೆ ಹೊಸದಲ್ಲ, ಪೇಟೆಯ ಗೆಳೆಯರಿಗೆ ಹೇಳ್ತಿದೀವಿ. ಅದಕ್ಕೇ ಹೊರಡೋದಕ್ಕೆ ಎರಡು ದಿನ ಮೊದಲೇ ಹೋಗಿ ಅಮ್ಮನ ಪಕ್ಕ ಕೂತು ಕರೆದದ್ದಾಯ್ತು. ಮೊದಲ ಸಲ ಕೈಯಷ್ಟೇ ನೋಯಿತು, ಹಾಲು ಬರಲಿಲ್ಲ. ನಾಲ್ಕನೇ ಸಲಕ್ಕೆ ಹಸು ಒಪ್ಪಿತು. ಅಮ್ಮ ಹೊರಡೋ ಧೈರ್ಯ ಮಾಡಿದ್ದು ಬುಕ್ ಮಾಡಿದ ರೂಮಿನ ಫೋಟೋ ನೋಡಿ ಅಲ್ಲ, ತುಂಬಿದ ಬಕೆಟ್ ನೋಡಿ. ಎಲ್ಲ ಟ್ರಾವೆಲ್ ವೆಬ್‌ಸೈಟುಗಳಿಗೂ ಈ ಒಂದು ಫೀಚರ್ ಗೊತ್ತಿಲ್ಲ.

ಎಲ್ಲಿಗೆ ಅನ್ನೋದಕ್ಕೆ ನಮ್ಮ ಉತ್ತರ ಕೇಳಿದ್ರೆ ಹಲವರು ನಗ್ತಾರೆ. ಬಳ್ಳಿಗಾವಿ, ತಾಳಗುಂದ, ಬನವಾಸಿ. "ಅಲ್ಲಿಗಾ? ಅದು ಇಲ್ಲೇ ಇದೆಯಲ್ಲ!" ಅಂತ. ಇಲ್ಲೇ ಇರೋದು ಅಪ್ಪಂಗೆ. ಅಪ್ಪ ಅಡಿಕೆ ಮಂಡಿಗೆ, ಸೊಸೈಟಿಗೆ, ಯಾರದೋ ಮಣ್ಣಿಗೆ ಅಂತ ಎರಡು ತಾಲ್ಲೂಕು ಸುತ್ತಿರ್ತಾರೆ, ಶಿರಾಳಕೊಪ್ಪದ ಸಂತೆ ಅವರಿಗೆ ಅಂಗೈ ಇದ್ದಂಗೆ. ಅಮ್ಮಂಗೆ ಗೊತ್ತಿರೋದು ತವರಿನ ದಾರಿ, ಆಸ್ಪತ್ರೆಯ ದಾರಿ, ನೆಂಟರ ಮನೆಗಳ ದಾರಿ. ಬಳ್ಳಿಗಾವಿಯಿಂದ ಒಂದು ಗಂಟೆ ದೂರದಲ್ಲಿ 22 ವರ್ಷ ಸಂಸಾರ ಮಾಡಿ ಬಳ್ಳಿಗಾವಿ ನೋಡದೇ ಇರೋ ಅಮ್ಮಂದಿರು ನಮ್ಮ ಐದು ಮನೆಗಳಲ್ಲೇ ಮೂರು ಜನ. ಕಿಲೋಮೀಟರಿನಲ್ಲಿ ಹತ್ತಿರ ಇದ್ದ ಮಾತ್ರಕ್ಕೆ ಎಲ್ಲರಿಗೂ ಹತ್ತಿರ ಅಂತ ಆಗಲ್ಲ.

ಹತ್ತಿರದ ಜಾಗಕ್ಕೆ ಇನ್ನೊಂದು ದೊಡ್ಡ ಗುಣ ಇದೆ. ಅಜ್ಜಿಗೆ ಹುಷಾರು ತಪ್ಪಿದ್ರೆ ಎರಡು ಮೂರು ಗಂಟೆಯಲ್ಲಿ ವಾಪಸ್ ಬರಬಹುದು. ಆ ಧೈರ್ಯ ಇದ್ರೆ ಮಾತ್ರ ಇವರ ಮನಸ್ಸು ಬಸ್ಸಿನಲ್ಲಿ ಕೂರುತ್ತೆ. ಊಟಿಯಲ್ಲಿ ಕೂತು ಕೊಟ್ಟಿಗೆ ನೆನೆಸೋದಕ್ಕಿಂತ ಇದು ವಾಸಿ.

ಈ ಜಾಗಗಳನ್ನು "ಬಡವರ ಊಟಿ" ಅಂತ ಸಮಾಧಾನಕ್ಕೆ ಹೇಳ್ತಿಲ್ಲ. ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಹಿಸ್ಟರಿ ಪುಸ್ತಕದಲ್ಲಿ ಕದಂಬರು ಅಂತ ಅರ್ಧ ಪುಟ ಬಾಯಿಪಾಠ ಮಾಡಿದ್ವಿ. ಅದು ನಮ್ಮ ಬಸ್ ರೂಟಿನಲ್ಲೇ ಇದೆ ಅಂತ ಯಾರೂ ಹೇಳಲಿಲ್ಲ. ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಮುಂದಿರುವ ಕಂಬದ ಮೇಲೆ ಕುಬ್ಜ ಅನ್ನೋ ಕವಿ ಬರೆದ ಸಂಸ್ಕೃತ ಶಾಸನ ಇದೆ, 5ನೇ ಶತಮಾನದ್ದು. ಓದೋಕೆ ಅಂತ ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ಅವಮಾನ ತಡೆಯದೆ ಕತ್ತಿ ಹಿಡಿದು ರಾಜ್ಯ ಕಟ್ಟಿದ ಕಥೆ ಅದರಲ್ಲಿದೆ. ನಮ್ಮ ಅಪ್ಪಂದಿರಿಗೆ ಈ ಕಥೆ ಕಂಬದಿಂದ ಗೊತ್ತಿಲ್ಲ, ರಾಜ್‌ಕುಮಾರ್ ಅವರ 'ಮಯೂರ' ಸಿನಿಮಾದಿಂದ ಗೊತ್ತು, 1975ರದು. ಕಂಬದ ಮುಂದೆ ನಿಂತು ಅಪ್ಪ ಅಮ್ಮಂಗೆ ಪೂರ್ತಿ ಸಿನಿಮಾ ಕಥೆ ಹೇಳಿದ್ರಂತೆ, ಹಾಡು ಸಮೇತ. ಅದೇ ಊರಿನ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಇಲಾಖೆ ಕ್ರಿ.ಶ. 370ರದ್ದು ಅಂತ ಗುರುತಿಸಿದೆ. ನಾವು ಶಾಲೆಯಲ್ಲಿ ಹಳೆಯದು ಅಂತ ಓದಿದ ಹಲ್ಮಿಡಿ ಸುಮಾರು 450ರದು.

ಬಳ್ಳಿಗಾವಿ ಶಿರಾಳಕೊಪ್ಪಕ್ಕೆ ಅಂಟಿಕೊಂಡ ಹಾಗೇ ಇದೆ. ಅಲ್ಲಮಪ್ರಭುವಿನ ಊರು. ಕೇದಾರೇಶ್ವರ, ತ್ರಿಪುರಾಂತಕೇಶ್ವರ ಎರಡು ದೇವಸ್ಥಾನ ನಿಧಾನಕ್ಕೆ ನೋಡಿದ್ರೆ ಅರ್ಧ ದಿನ ಬೇಕು. ತ್ರಿಪುರಾಂತಕೇಶ್ವರದಲ್ಲಿ ಪಂಚತಂತ್ರದ ಕಥೆಗಳನ್ನೂ ಕಲ್ಲಿನಲ್ಲಿ ಕೆತ್ತಿದ್ದಾರೆ, ಅವನ್ನು ಹುಡುಕೋದೇ ಒಂದು ಆಟ. 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬ ಇದೆ. ಆ ಎರಡು ತಲೆಯ ಹಕ್ಕಿಯೇ ಇವತ್ತು ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ಓಡಾಡ್ತಿರೋದು. ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠದಲ್ಲಿ ವ್ಯಾಕರಣ, ತರ್ಕ ಎಲ್ಲ ಕಲಿಸ್ತಿದ್ರು, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡ್ತಿದ್ರು ಅಂತ 12ನೇ ಶತಮಾನದ ಶಾಸನ ಹೇಳುತ್ತೆ. ಅಮ್ಮಂಗೆ ಇದ್ಯಾವುದೂ ನೆನಪಿಲ್ಲ. ಅವರು ಹೇಳಿದ್ದು ಬೇರೆ: "ಒಂದು ಗಂಟೆ ಹೊತ್ತು ಸುಮ್ನೆ ಕೂತಿದ್ದೆ ಕಣೇ, ಕಲ್ಲು ತಣ್ಣಗಿತ್ತು, ಯಾರೂ ಕರೀಲಿಲ್ಲ." ನಮಗೆ ಆ ಮಾತು ಕೇಳಿ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಅದೇ ತಾಲ್ಲೂಕಿನ ಉಡುತಡಿಗೂ ಕಳಿಸಬೇಕು ಅಂತ ನಮ್ಮಲ್ಲೊಬ್ಬಳು ಹಠ ಹಿಡಿದಿದ್ಲು, ಅಕ್ಕಮಹಾದೇವಿಯ ಊರು ಅಂತ. ಅರಮನೆಯನ್ನೂ ಗಂಡನನ್ನೂ ಬಿಟ್ಟು ಹೊರಟವಳ ಊರಿಗೆ ಮದುವೆ ವಾರ್ಷಿಕೋತ್ಸವಕ್ಕೆ ಕಳಿಸೋದಾ ಅಂತ ಉಳಿದವರು ತಮಾಷೆ ಮಾಡಿದ್ವಿ. "ಅದಕ್ಕೇ ಕಳಿಸಬೇಕು" ಅಂದ್ಲು ಅವಳು. ಆ ಚರ್ಚೆ ಇನ್ನೂ ಮುಗಿದಿಲ್ಲ.

ರಾತ್ರಿ ಉಳಿಯೋಕೆ ಶಿರಸಿ. ಲಾಡ್ಜುಗಳಿವೆ, ಒಳ್ಳೆ ಊಟ ಸಿಗುತ್ತೆ, ಬೆಳಿಗ್ಗೆ ಮಾರಿಕಾಂಬೆ ದರ್ಶನ. ಎರಡು ವರ್ಷಕ್ಕೊಮ್ಮೆ ನಡೆಯೋ ಜಾತ್ರೆಯ ವಾರ ಮಾತ್ರ ಆ ಕಡೆ ತಲೆ ಹಾಕಬೇಡಿ, ಕಾಲಿಡೋಕೂ ಜಾಗ ಇರಲ್ಲ. ಎರಡನೇ ದಿನ ಬನವಾಸಿ. ವರದಾ ನದಿ ಪಕ್ಕದಲ್ಲೇ ಇದೆ, ಮಧುಕೇಶ್ವರ ದೇವಸ್ಥಾನದ ದೊಡ್ಡ ನಂದಿಯ ಒಂದು ಕಣ್ಣು ಶಿವನ ಕಡೆ, ಇನ್ನೊಂದು ಕಣ್ಣು ಪಾರ್ವತಿ ಕಡೆ ಅಂತ ಅಲ್ಲಿ ಹೇಳ್ತಾರೆ. ಮನೇಲಿ ಇಬ್ಬರ ಜಗಳದಲ್ಲಿ ಸಿಕ್ಕಿಹಾಕ್ಕೊಂಡ ಮಕ್ಕಳ ಗತಿಯೂ ಅದೇ. ಕೆತ್ತನೆ ಮಾಡಿದ ಕಲ್ಲಿನ ಮಂಚ ಒಂದಿದೆ, ತಪ್ಪದೆ ನೋಡಲಿ. ಸೀಸನ್ನಿನಲ್ಲಿ ಬನವಾಸಿ ಕಡೆಯ ಅನಾನಸ್ ಸಿಗುತ್ತೆ. ಪಂಪನಂಥ ಕವಿ ಈ ಊರನ್ನು ಯಾಕೆ ಅಷ್ಟು ನೆನೆಸಿಕೊಂಡ ಅಂತ ಸಂಜೆ ಹೊತ್ತು ನದಿ ಕಡೆ ಹೋದ್ರೆ ಸ್ವಲ್ಪ ಅರ್ಥ ಆಗಬಹುದು.

ಎರಡು ದಿನಕ್ಕೆ ಇಷ್ಟೇ ಸಾಕು. ಚಂದ್ರಗುತ್ತಿಯ ಗುಹೆಯಲ್ಲಿರೋ ರೇಣುಕಾಂಬೆ, ಗುಡವಿ ಪಕ್ಷಿಧಾಮ, ಆನವಟ್ಟಿ ಪಕ್ಕದ ಕೈಟಭೇಶ್ವರ, ಆ ಕಡೆ ಜೋಗ, ಸಿಗಂದೂರು ಎಲ್ಲಾ ಒಂದೇ ಸಲಕ್ಕೆ ತುರುಕಬೇಡಿ. ಇಂಡಸ್ಟ್ರಿಯಲ್ ವಿಸಿಟ್ ಅಲ್ಲ ಇದು. ಮಂಡಿನೋವು ಇರೋರಿಗೆ ಚಂದ್ರಗುತ್ತಿ ಬೆಟ್ಟ ಕಷ್ಟ, ಅವರಿಗೆ ಗುಡವಿ ಆಗುತ್ತೆ. ಸೊರಬದಿಂದ ಸುಮಾರು 16 ಕಿ.ಮೀ. ದೂರ, ಜೂನ್‌ನಿಂದ ಡಿಸೆಂಬರ್‌ವರೆಗೆ ಕೆರೆಯ ಮರಗಳ ತುಂಬ ಬೆಳ್ಳಕ್ಕಿ, ಕೆಂಬರಲು, ನೀರುಕಾಗೆ. ಮೇ ತಿಂಗಳಲ್ಲಿ ಹೋಗಿ ಹಕ್ಕಿ ಇಲ್ಲ ಅಂದ್ರೆ ಹಕ್ಕಿ ತಪ್ಪಲ್ಲ.

ಇನ್ನು ಖರ್ಚು. ನಾವು ಐದು ಜನ ತಲಾ 800 ಹಾಕಿ 4,000 ಮಾಡಿದ್ವಿ, ಮೆಸ್ಸಿನ ಹೊರಗೆ ತಿನ್ನೋದನ್ನ ಒಂದೂವರೆ ತಿಂಗಳು ಬಿಟ್ಟು. ರೂಮಿಗೆ 1,500 ಮೀರಬಾರದು, ಆಟೋಗಳಿಗೆ 1,200, ಊಟ ತಿಂಡಿಗೆ 800, ಅಪ್ಪನ ಬಸ್ ಟಿಕೆಟ್ಟಿಗೆ 300 ಅಂತ ಮಿತಿ ಹಾಕ್ಕೊಂಡ್ವಿ, 200 ಅಮ್ಮನ ಕೈಗೆ. ಅಮ್ಮಂಗೆ ಟಿಕೆಟ್ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ದುಡ್ಡಿಲ್ಲ. ರಾಜಹಂಸ, ಐರಾವತ ಹತ್ತಿದ್ರೆ ಕೊಡಬೇಕು. ಶಿರಸಿ ಕಡೆಯ ವಾಯವ್ಯ ಸಾರಿಗೆ ಬಸ್ಸಿಗೂ ಇದು ಅನ್ವಯ. ಆದರೆ ನಮ್ಮ ಜಿಲ್ಲೆಯ ಒಂದು ವಿಚಿತ್ರ ಏನಂದ್ರೆ ಎಷ್ಟೋ ರೂಟಿನಲ್ಲಿ ಓಡೋದು ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ನಡೆಯಲ್ಲ. ಕೆಂಪು ಬಸ್ಸಿನ ಟೈಮು ಮೊದಲೇ ಡಿಪೋದಲ್ಲಿ ಕೇಳಿಟ್ಟುಕೊಳ್ಳಿ, ಅಮ್ಮನ ಆಧಾರ್ ಕಾರ್ಡು ಅವರ ಪರ್ಸಿನಲ್ಲೇ ಇರಲಿ, ಅಪ್ಪನ ಜೇಬಿನಲ್ಲಿ ಬೇಡ. ಶಿರಾಳಕೊಪ್ಪದಿಂದ ತಾಳಗುಂದ, ಬಳ್ಳಿಗಾವಿ ಎರಡನ್ನೂ ಸುತ್ತಿಸೋಕೆ ಒಂದೇ ಆಟೋ ಮಾತಾಡಿ, ಕಾಯೋ ಹೊತ್ತಿನ ದುಡ್ಡೂ ಸೇರಿಸಿ ಮೊದಲೇ ಬಾಯಿಬಿಟ್ಟು ಕೇಳಿ. ತಿಂಡಿ ಶಿರಾಳಕೊಪ್ಪದಲ್ಲೇ ಮುಗಿಸಲಿ. ಶೌಚಾಲಯದ ವಿಷಯವೂ ಹಾಗೇ, ಬಸ್ ಸ್ಟ್ಯಾಂಡಿನಲ್ಲೇ ಮುಗಿಸಿ ಹೊರಡೋದು ಒಳ್ಳೇದು. ಇದನ್ನು ಯಾವ ಟ್ರಾವೆಲ್ ರೀಲಿನಲ್ಲೂ ಹೇಳಲ್ಲ, ಆದರೆ ಎಷ್ಟೋ ಅಮ್ಮಂದಿರು ಊರು ಬಿಟ್ಟು ಹೊರಡದೇ ಇರೋಕೆ, ಹೊರಟರೂ ಇಡೀ ದಿನ ನೀರು ಕುಡಿಯದೇ ಇರೋಕೆ ಇದೇ ಕಾರಣ.

ಬುತ್ತಿ ಬೇಡ ಅಂತ ಮೊದಲೇ ಮಾತು ತಗೊಳ್ಳಿ. ಅಮ್ಮ ಬೆಳಗಿನ ಜಾವ ನಾಲ್ಕಕ್ಕೆದ್ದು ಪುಳಿಯೋಗರೆ ಕಲಸಿದ್ರೆ ಟ್ರಿಪ್ಪು ಅಲ್ಲೇ ಅರ್ಧ ಹಾಳು.

ಇಷ್ಟೆಲ್ಲ ಆದ ಮೇಲೂ ಒಂದು ಉಳಿಯುತ್ತೆ, ಸಂಕೋಚ. "ಈ ವಯಸ್ಸಲ್ಲಿ ಇಬ್ಬರೇ ಹೋದ್ರೆ ಜನ ಏನಂತಾರೆ?" ಇದಕ್ಕೆ ನಮ್ಮ ಕಡೆ ಹಳೆಯ ಮದ್ದಿದೆ, ಹರಕೆ. ಆನಿವರ್ಸರಿ ಅಂತ ಹೇಳಿದ್ರೆ ನಾಚಿಕೊಳ್ಳೋ ಅಪ್ಪ, ಮಾರಿಕಾಂಬೆಗೆ ಹಣ್ಣುಕಾಯಿ ಅಂದ್ರೆ ಎದೆ ಸೆಟೆಸಿ ಬಸ್ ಸ್ಟ್ಯಾಂಡಿಗೆ ನಡೀತಾರೆ. ಪಕ್ಕದ ಮನೆಯವರಿಗೂ ಉತ್ತರ ಸಿಕ್ತು, ಅಜ್ಜಿಗೂ ಸಮಾಧಾನ. ಇದು ಮೋಸ ಅಲ್ವಾ ಅಂತ ಹಾಸ್ಟೆಲಿನಲ್ಲಿ ಒಬ್ಬ ಕೇಳಿದ. ನಮಗೆ ಹಾಗನ್ನಿಸಲ್ಲ. ದೇವಸ್ಥಾನಕ್ಕೆ ಅವರು ಹೋಗೇ ಹೋಗ್ತಾರೆ, ಹಣ್ಣುಕಾಯಿ ಮಾಡಿಸೇ ಮಾಡಿಸ್ತಾರೆ. ಉಳಿದದ್ದನ್ನು ಊರಿಗೆಲ್ಲ ಹೇಳಬೇಕಾಗಿಲ್ಲ ಅಷ್ಟೇ. ನಮ್ಮ ಹಿರಿಯರು ಪ್ರೀತಿಯನ್ನು ನೆಪದಲ್ಲಿಟ್ಟು ಬದುಕಿದವರು, ಅದನ್ನು ಕಿತ್ತು ಸ್ಟೋರಿಯಲ್ಲಿ ಹಾರ್ಟ್ ಹಾಕಿ ತೋರಿಸೋ ಹಕ್ಕು ನಮಗಿಲ್ಲ.

ಆದರೆ ಎಲ್ಲ ಮನೆಯಲ್ಲೂ ಇಬ್ಬರಿಗೆ ಇಬ್ಬರೇ ಇರೋದು ಖುಷಿ ಅಂತಲೂ ಅಲ್ಲ. ಮಾತುಕತೆ ನಿಂತ ಮನೆಗಳಿವೆ, ಅಪ್ಪನ ಜೊತೆ ಒಬ್ಬಳೇ ಹೋಗೋಕೆ ಮನಸ್ಸಿಲ್ಲದ ಅಮ್ಮಂದಿರಿದ್ದಾರೆ. ಅದಕ್ಕೇ ಸರ್‌ಪ್ರೈಸ್ ಬೇಡ ಅಂತೀವಿ. ಮೊದಲು ಅಮ್ಮನ್ನ ಬೇರೆಯಾಗಿ ಕೇಳಿ, ಅಪ್ಪ ಇಲ್ಲದ ಹೊತ್ತು, ಅಡುಗೆಮನೆಯಲ್ಲಿ. ಅವರು "ನನಗೆ ತವರಿಗೆ ಹೋಗಿ ಎರಡು ದಿನ ಮಲಗಬೇಕು" ಅಂದ್ರೆ ಆ ವರ್ಷದ ಆನಿವರ್ಸರಿ ಟ್ರಿಪ್ಪು ಅದೇ. ಆಗಲೂ ಹಾಲು ಕರೆಯೋದು ನೀವೇ, ಅನ್ನ ಮಾಡೋದು ಅಪ್ಪ. ಅನ್ನ ಹೊತ್ತಿಸದ ಅಪ್ಪಂದಿರು ಇದ್ದರೆ ಅದೃಷ್ಟ.

ಹೋದ ಮೇಲೆ ಅವರಿಗೆ ಫೋನ್ ಮಾಡಬೇಡಿ. ಅವರೇ ಮಾಡ್ತಾರೆ, ನಮ್ಮ ಲೆಕ್ಕದ ಪ್ರಕಾರ ಮೊದಲ ದಿನ ಒಂಬತ್ತು ಸಲ. "ಕರು ಬಿಟ್ರಾ? ಅಜ್ಜಿ ಉಂಡ್ರಾ? ಹಿಂಡಿ ಎಷ್ಟು ಹಾಕಿದ್ರಿ?" ಎಲ್ಲದಕ್ಕೂ ಹೂಂ ಅನ್ನಬೇಕು, ಹೂಂ ಅನ್ನೋ ಹಾಗೆ ಮಾಡಿರಲೂ ಬೇಕು. ಎರಡನೇ ದಿನ ಮಧ್ಯಾಹ್ನದವರೆಗೂ ಅವರ ಫೋನೇ ಬರಲಿಲ್ಲ. ನಾವೇ ಗಾಬರಿಯಾಗಿ ಮಾಡೋಣ್ವಾ ಬೇಡ್ವಾ ಅಂತ ಕೂತಿದ್ದಾಗ ಅಪ್ಪನ ನಂಬರಿನಿಂದ ಒಂದು ಫೋಟೋ ಬಂತು. ಬನವಾಸಿಯ ನಂದಿಯ ಪಕ್ಕ ಅಮ್ಮ, ತಲೆ ಅರ್ಧ ಕಟ್ ಆಗಿತ್ತು, ಕೈಯಲ್ಲಿ ಉಪ್ಪು ಖಾರ ಹಾಕಿದ ಅನಾನಸ್ ಹೋಳು.